ಮಲ್ಲವೀರ ಗೋಬರ್ ಗುಹ

ಹೌರಾ ಸೇತುವೆಯನ್ನು ದಿನಂಪ್ರತಿ ದಾಟುವ ನಮ್ಮ ವಾಚಕರಲ್ಲಿ ಅನೇಕರು, ಆಚೆ ದಡದ ಮಲ್ಲಿಕ್ ಘಾಟಿನ ಹೂವಿನ ಪೇಟೆಯ ಬಳಿ, ಬೆಳಗಿನ ಹೊತ್ತು ಮೈಗೆಲ್ಲ ಮಣ್ಣು ಮೆತ್ತಿಕೊಂಡು ಸಾಮು ಮಾಡುವ ಜಟ್ಟಿಗಳನ್ನು ಕಂಡಿರಬಹುದು. ಅಲ್ಲಿ ಟಿಕೇಟಿಲ್ಲ, ದೀಪಗಳ ಝಗಝಗಿಕೆಯಿಲ್ಲ, ಜಯಕಾರ ಮಾಡುವ ಜನರೂ ಇಲ್ಲ. ಇದೇ ವಿದ್ಯೆಯನ್ನು ಇದೇ ಊರಿನ ಮಣ್ಣಿನಲ್ಲಿ ಕಲಿತು, ಸಮುದ್ರ ದಾಟಿ, ಅಮೆರಿಕೆಯಲ್ಲಿ ವಿಶ್ವವಿಜೇತನೆಂಬ ಬಿರುದನ್ನು ಪಡೆದ ಮಹನೀಯರೊಬ್ಬರು ಉತ್ತರ ಕಲ್ಕತ್ತೆಯಲ್ಲಿದ್ದರು. ಅವರೇ ಕೀರ್ತಿಶೇಷ ಜತೀಂದ್ರಚರಣ ಗುಹ, ಲೋಕವು ಬಲ್ಲಂತೆ ಗೋಬರ್ ಗುಹ. ಮಲ್ಲಯುದ್ಧ ಮುಷ್ಟಿಯುದ್ಧಗಳು ಹಣಕ್ಕೂ ಜನಸಂದಣಿಗೂ ಒಳಪಟ್ಟು ರೂಪಾಂತರ ಹೊಂದುತ್ತಿದ್ದ ಕಾಲದಲ್ಲಿಯೇ ಅವರು ಆ ನಾಡಿನ ಕಣಗಳಲ್ಲಿ ನಿಂತಿದ್ದರು. ಆದುದರಿಂದ ಅವರ ಜೀವನವನ್ನು ತಿಳಿಯುವುದೆಂದರೆ ಈ ಬದಲಾವಣೆಯನ್ನು ಬುಡದಿಂದ ತಿಳಿದಂತೆ.

ಜತೀಂದ್ರಚರಣರು ಜನಿಸಿದ್ದು 1892ನೆಯ ಇಸವಿ ಮಾರ್ಚ್ 13ರಂದು, ಕಲ್ಕತ್ತೆಯ ಒಂದು ಸ್ಥಿತಿವಂತ ಕುಟುಂಬದಲ್ಲಿ. ಗೋಬರ್ ಎಂದರೆ ಸಗಣಿ. ನಮ್ಮ ಹಳ್ಳಿಗಳಲ್ಲಿ ದೃಷ್ಟಿ ತಾಗದಿರಲೆಂದು ಮುದ್ದಿನ ಮಗುವನ್ನು ತಿಪ್ಪ, ಗುಂಡ ಎಂದು ಕರೆಯುವುದುಂಟಷ್ಟೆ. ಬಂಗಾಳದ ಮನೆಗಳಲ್ಲಿಯೂ ಪ್ರತಿಯೊಂದು ಮಗುವಿಗೆ ಒಂದು ಕರೆಯುವ ಹೆಸರು ಇರುತ್ತದೆ. ದುಂಡುದುಂಡಾಗಿದ್ದ ಈ ಕೂಸಿಗೆ ಮನೆಯವರು ಇಟ್ಟ ಆ ಹೆಸರೇ ಮುಂದೆ ಲಂಡನ್ ಮತ್ತು ಸಾನ್ ಫ್ರಾನ್ಸಿಸ್ಕೋ ನಗರಗಳ ಭಿತ್ತಿಪತ್ರಗಳನ್ನು ಏರಿತು.

ಅವರ ಅಜ್ಜ ಅಂಬಿಕಾಚರಣ ಗುಹರು ಬಂಗಾಳದ ಭದ್ರಲೋಕದವರಲ್ಲಿ ಗರಡಿಯ ಗೀಳನ್ನು ಹಚ್ಚಿದ ಮೊದಲಿಗರು. ಓದುಬರಹ ಬಲ್ಲವರು ಮೈಬಗ್ಗಿಸಲಾರರೆಂಬ ಅಪಹಾಸ್ಯವನ್ನು ತೊಡೆದುಹಾಕಬೇಕೆಂದು ಅವರು ತಮ್ಮ ಸ್ವಂತ ಹಣದಿಂದ ಅಖಾಡವನ್ನು ನಡೆಸಿದರು. ನರೇಂದ್ರನಾಥನೆಂಬ ಹುಡುಗ, ಮುಂದೆ ಸ್ವಾಮಿ ವಿವೇಕಾನಂದರಾದವರು, ಅಲ್ಲಿ ಕುಸ್ತಿ ಕಲಿತರೆಂದು ಪ್ರತೀತಿ. ಅಜ್ಜನ ತರುವಾಯ ಚಿಕ್ಕಪ್ಪ ಕ್ಷೇತ್ರಚರಣರು ಗೋಬರರನ್ನು ತಿದ್ದಿದರು. ಸುಮಾರು 160 ಪೌಂಡ್ ತೂಕದ ಕಲ್ಲಿನ ಬಳೆಯನ್ನು ಕೊರಳಿಗೆ ಹಾಕಿಕೊಂಡು ಅವರು ಬಸ್ಕಿ ಹೊಡೆಯುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ.

ಈ ಸ್ಥಳದಲ್ಲಿ ಹಳೆಯ ಕಾಲದ ಗರಡಿಯ ಲೆಕ್ಕಾಚಾರವನ್ನು ಸ್ವಲ್ಪ ವಿವರಿಸಬೇಕು. ಜಟ್ಟಿಯೆಂದರೆ ಹಾಲು, ತುಪ್ಪ, ಬಾದಾಮಿಗಳ ದೊಡ್ಡ ಖರ್ಚು. ಆ ಖರ್ಚನ್ನು ರಾಜರೋ ಜಮೀನ್ದಾರರೋ ವಹಿಸುತ್ತಿದ್ದರು. ನಮ್ಮ ಮೈಸೂರಿನ ಅರಮನೆಯ ಜಟ್ಟಿಗಳನ್ನೇ ನೆನೆಯಬಹುದು. ದಸರೆಯ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವು ಮೊದಲನೆಯ ರಕ್ತದ ಹನಿ ಕಂಡೊಡನೆ ಮುಗಿದುಹೋಗುತ್ತದೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದರೂ ತಮಗೆ ಮೋಸವಾಯಿತೆಂದು ಯಾರೂ ಗೊಣಗುವುದಿಲ್ಲ, ಏಕೆಂದರೆ ಅದು ದೇವರ ಮುಂದಿನ ವಿಧಿಯೇ ಹೊರತು ಕಾಸು ಕೊಟ್ಟವನ ಮನರಂಜನೆಯಲ್ಲ. ಕುಸ್ತಿಯು ಎಷ್ಟು ಹೊತ್ತು ನಡೆಯಬೇಕು, ಹೇಗೆ ಮುಗಿಯಬೇಕು ಎಂಬುದನ್ನು ನಿರ್ಣಯಿಸುವವರು ಜಟ್ಟಿಗಳೇ ಆಗಿದ್ದರು. ಈ ಅಧಿಕಾರವು ಅವರ ಕೈತಪ್ಪಿದ ಕಥೆಯನ್ನೇ ನಾವು ಮುಂದೆ ಹೇಳಲಿರುವುದು.

1910ರಲ್ಲಿ ಶರತ್‌ಕುಮಾರ ಮಿತ್ರರೆಂಬ ಬಂಗಾಳದ ಧನಿಕರ ನೆರವಿನಿಂದ ಗಾಮಾ ಪೈಲ್ವಾನರು ಲಂಡನ್ನಿಗೆ ಹೋದರು. ಹದಿನೆಂಟರ ಹರೆಯದ ಗೋಬರರೂ ಅದೇ ಕಾಲದಲ್ಲಿ ಯುರೋಪನ್ನು ಕಂಡರು. ಆ ವರ್ಷದ ಸೆಪ್ಟೆಂಬರ್ 10ರಂದು ಗಾಮಾರವರಿಗೂ ಪೋಲೆಂಡಿನ ದೈತ್ಯ ಜ್ಬಿಸ್ಕೊನಿಗೂ ಲಂಡನ್ನಿನಲ್ಲಿ ಕಾಳಗವಾಯಿತು. ಎರಡೂವರೆ ಗಂಟೆಗಳಿಗೂ ಹೆಚ್ಚು ಕಾಲ ಜ್ಬಿಸ್ಕೊ ನೆಲಕ್ಕೆ ಅಂಟಿಕೊಂಡು ಬಿದ್ದಿದ್ದನೇ ಹೊರತು ಎದ್ದು ಹೋರಾಡಲಿಲ್ಲ. ಪಂದ್ಯವು ಸಮವೆಂದು ಘೋಷಿಸಲ್ಪಟ್ಟಿತು. ವಾರದ ಬಳಿಕ ನಡೆಯಬೇಕಾಗಿದ್ದ ಮರುಪಂದ್ಯಕ್ಕೆ ಅವನು ಬರಲೇ ಇಲ್ಲ, ಪಟ್ಟಿಯು ಗಾಮಾರವರ ಪಾಲಾಯಿತು. ಬಲ್ಲವರಿಗೆ ಗಾಮಾರ ಹಿರಿಮೆ ತಿಳಿಯಿತು. ಆದರೆ ಹಣ ತೆತ್ತು ಬಂದ ಸಾಮಾನ್ಯ ಪ್ರೇಕ್ಷಕನಿಗೆ ಕಂಡದ್ದು ನೆಲದ ಮೇಲಿನ ಎರಡು ದೇಹಗಳು ಮಾತ್ರ. ನಿಜವಾದ ಕುಸ್ತಿಯು ಅನೇಕ ವೇಳೆ ಬೇಸರ ತರಿಸುವಂಥದು. ಇದನ್ನು ಟಿಕೇಟು ಮಾರುವವರು ಚೆನ್ನಾಗಿ ಗಮನಿಸಿದರು.

ಗೋಬರ್ ಗುಹರು 1913ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಜಿಮ್ಮಿ ಕ್ಯಾಂಪ್‌ಬೆಲ್ ಹಾಗೂ ಜಿಮ್ಮಿ ಎಸ್ಸನ್ ಎಂಬ ಹೆಸರಾಂತ ಮಲ್ಲರನ್ನು ಸೋಲಿಸಿದರು. ಆಳುವವರ ನೆಲದಲ್ಲಿಯೇ ಆಳಿಸಿಕೊಳ್ಳುವವನೊಬ್ಬನು ಗೆದ್ದನೆಂಬ ಸುದ್ದಿ ಆಗಿನ ಬಂಗಾಳಿಗಳಿಗೆ ಎಂತಹ ಹರ್ಷವನ್ನು ತಂದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಅನಂತರ ಮಹಾಯುದ್ಧ ಬಂದಿತು. ಯುದ್ಧವು ಮುಗಿದ ಮೇಲೆ, 1920ರಲ್ಲಿ, ಅವರು ಅಮೆರಿಕೆಗೆ ಪ್ರಯಾಣ ಬೆಳೆಸಿದರು.

ಆ ಹೊತ್ತಿಗೆ ಅಮೆರಿಕೆಯ ಕಣಗಳಲ್ಲಿ ಎರಡು ಸಂಗತಿಗಳು ನಡೆಯುತ್ತಿದ್ದವು. ಮೊದಲನೆಯದು ಕುಸ್ತಿಯ ಸಂಕಟ. 1916ನೆಯ ಜುಲೈ 4ರಂದು ಒಮಾಹಾ ನಗರದಲ್ಲಿ ಜೋ ಸ್ಟೆಕರ್ ಮತ್ತು ಎಡ್ ಲೂಯಿಸ್ ಎಂಬವರು ಸುಮಾರು ಐದು ಗಂಟೆಗಳ ಕಾಲ ಹೋರಾಡಿ, ಯಾರೂ ಗೆಲ್ಲದೆ ಬೇರ್ಪಟ್ಟಿದ್ದರು. ಅಂತಹ ಪಂದ್ಯಕ್ಕೆ ಮತ್ತೊಮ್ಮೆ ಟಿಕೇಟು ಕೊಳ್ಳುವವರಾರು? ಎರಡನೆಯದು ಮುಷ್ಟಿಯುದ್ಧದ ಭಾಗ್ಯೋದಯ. 1921ನೆಯ ಜುಲೈ 2ರಂದು ಜರ್ಸಿ ಸಿಟಿಯಲ್ಲಿ ಜಾಕ್ ಡೆಂಪ್ಸಿ ಮತ್ತು ಫ್ರಾನ್ಸಿನ ಜಾರ್ಜ್ ಕಾರ್ಪೆಂಟಿಯೇ ಇವರ ಪಂದ್ಯವನ್ನು ಟೆಕ್ಸ್ ರಿಕಾರ್ಡ್ ಎಂಬ ಗುತ್ತಿಗೆದಾರನು ಏರ್ಪಡಿಸಿದನು. ಅದಕ್ಕೆಂದೇ ಮರದ ಕ್ರೀಡಾಂಗಣವೊಂದನ್ನು ಕಟ್ಟಿಸಲಾಯಿತು. 80,000ಕ್ಕೂ ಮಿಕ್ಕಿ ಜನ ನೆರೆದರು. ಟಿಕೇಟಿನ ಹುಟ್ಟುವಳಿ 17 ಲಕ್ಷ ಡಾಲರುಗಳನ್ನು ಮೀರಿತು. ಮುಷ್ಟಿಯುದ್ಧವೊಂದು ಹತ್ತು ಲಕ್ಷ ಡಾಲರನ್ನು ದಾಟಿದುದು ಅದೇ ಮೊದಲು. ರಿಕಾರ್ಡನು ಮಾರಿದ್ದು ಬರಿಯ ಗುದ್ದಾಟವನ್ನಲ್ಲ. ಕಾರ್ಪೆಂಟಿಯೇ ಯುದ್ಧಭೂಮಿಯ ವೀರ, ಡೆಂಪ್ಸಿ ಯುದ್ಧಕ್ಕೆ ಹೋಗದೆ ಉಳಿದವನು ಎಂದು ಒಬ್ಬನನ್ನು ನಾಯಕನನ್ನಾಗಿಯೂ ಮತ್ತೊಬ್ಬನನ್ನು ಖಳನನ್ನಾಗಿಯೂ ಮಾಡಿ, ಜನರ ಪ್ರೀತಿ ದ್ವೇಷಗಳನ್ನು ಅವನು ಹಣವನ್ನಾಗಿಸಿದನು. ನಾಲ್ಕನೆಯ ಸುತ್ತಿನಲ್ಲಿ ವೀರನೇ ಬಿದ್ದನು. ಗುತ್ತಿಗೆದಾರನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಇದಾದ ಎರಡು ತಿಂಗಳೊಳಗೆ, 1921ರ ಆಗಸ್ಟ್‌ನಲ್ಲಿ, ಅದೇ ದೇಶದ ಇನ್ನೊಂದು ತುದಿಯಾದ ಸಾನ್ ಫ್ರಾನ್ಸಿಸ್ಕೋದಲ್ಲಿ ಗೋಬರ್ ಗುಹರು ಆಡ್ ಸ್ಯಾಂಟೆಲ್‌ನನ್ನು ಎದುರಿಸಿದರು. ಸ್ಯಾಂಟೆಲ್ ಸಾಮಾನ್ಯನಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಅವನು ಟೋಕಿಯೋ ನಗರಕ್ಕೆ ಹೋಗಿ ಜಪಾನಿನ ಜೂಡೋ ಪಟುಗಳನ್ನೇ ಕೆಣಕಿ ಬಂದಿದ್ದನು. ಲೈಟ್ ಹೆವಿವೇಟ್ ವರ್ಗದ ವಿಶ್ವವಿಜೇತನೆಂಬ ಬಿರುದು ಅವನದಾಗಿತ್ತು. ಸುಮಾರು ಒಂದು ಗಂಟೆಯ ಹೋರಾಟದ ಬಳಿಕ ಗೋಬರರು ಅವನನ್ನು ಚಿತ್ ಮಾಡಿದರು. ಏಷ್ಯಾ ಖಂಡದವನೊಬ್ಬನು ಆ ಬಿರುದನ್ನು ಗಳಿಸಿದುದು ಅದೇ ಮೊದಲು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ.

ಬಿರುದು ಬಂದರೂ ಅಮೆರಿಕೆಯ ಕಣದ ಯಜಮಾನಿಕೆ ಬೇರೆಯವರ ಕೈಯಲ್ಲಿತ್ತು. ಮೇಲೆ ಹೇಳಿದ ಎಡ್ ಲೂಯಿಸ್, ಅವನ ವ್ಯವಸ್ಥಾಪಕ ಬಿಲ್ಲಿ ಸ್ಯಾಂಡೋ ಮತ್ತು ಟೂಟ್ಸ್ ಮಾಂಟ್ ಎಂಬ ಮೂವರು ಸೇರಿ ಕುಸ್ತಿಯ ಸ್ವರೂಪವನ್ನೇ ಬದಲಿಸಿದರು. ಪಂದ್ಯಕ್ಕೆ ಕಾಲಮಿತಿ ಹಾಕಿದರು, ನೆಲದ ಪಟ್ಟುಗಳನ್ನು ಕಡಿಮೆ ಮಾಡಿ ಎತ್ತಿ ಒಗೆಯುವ ಕಣ್ಣುಕಟ್ಟನ್ನು ಹೆಚ್ಚಿಸಿದರು, ನಾಟಕ ಕಂಪೆನಿಯಂತೆ ಮಲ್ಲರ ತಂಡವನ್ನು ಊರಿಂದೂರಿಗೆ ಒಯ್ದರು, ಸೋಲು ಗೆಲುವುಗಳನ್ನು ಮೊದಲೇ ಗೊತ್ತುಮಾಡಿದರು. ಗೋಬರರು ಲೂಯಿಸನೊಡನೆಯೂ ಸೆಣಸಿದರು, ಆದರೆ ಅಲ್ಲಿ ಜಯ ಅವರಿಗೆ ದಕ್ಕಲಿಲ್ಲ.

ಈ ಹೊಸ ಪದ್ಧತಿಯು ಎಲ್ಲಿಗೆ ಮುಟ್ಟಿತೆಂಬುದಕ್ಕೆ 1925ರ ಘಟನೆಯೊಂದೇ ಸಾಕು. ವೇಯ್ನ್ ಮನ್ ಎಂಬ ಕಾಲೇಜಿನ ಫುಟ್ಬಾಲ್ ಆಟಗಾರನು ಎತ್ತರದ ಆಳು, ಜನಪ್ರಿಯ, ಆದರೆ ಕುಸ್ತಿ ಬಲ್ಲವನಲ್ಲ. ಜನರು ಅವನನ್ನು ನೋಡಲು ಮುಗಿಬೀಳುತ್ತಾರೆಂಬ ಒಂದೇ ಕಾರಣದಿಂದ ಜನವರಿಯಲ್ಲಿ ಅವನನ್ನೇ ವಿಶ್ವವಿಜೇತನನ್ನಾಗಿ ಮಾಡಲಾಯಿತು. ಏಪ್ರಿಲ್‌ನಲ್ಲಿ, ಅವನಿಗೆ ಸೋಲಬೇಕೆಂದು ಗೊತ್ತುಮಾಡಿದ್ದ ಮುದಿ ಮಲ್ಲನೊಬ್ಬನು ಮಾತು ಮುರಿದು ನಿಜವಾಗಿಯೇ ಕುಸ್ತಿ ಮಾಡಿ, ಮನ್‌ನನ್ನು ಮಗುವಿನಂತೆ ಕೆಡವಿದನು. ಆ ಮುದಿ ಮಲ್ಲನೇ ಲಂಡನ್ನಿನಲ್ಲಿ ಗಾಮಾರಿಗೆ ಅಂಜಿ ನೆಲಕ್ಕೆ ಅಂಟಿದ್ದ ಜ್ಬಿಸ್ಕೊ. ಅವನನ್ನು ಮತ್ತೆ ಗಾಮಾರವರು 1928ರಲ್ಲಿ ಪಟಿಯಾಲದ ಮಣ್ಣಿನಲ್ಲಿ ಒಂದು ನಿಮಿಷದೊಳಗೆ ಚಿತ್ ಮಾಡಿದರು. ಇದರಿಂದ ಅಮೆರಿಕೆಯ ಬಿರುದಿಗೂ ಗರಡಿಯ ವಿದ್ಯೆಗೂ ನಡುವೆ ಎಷ್ಟು ಅಂತರ ಬೆಳೆದಿತ್ತೆಂಬುದು ವೇದ್ಯವಾಗುತ್ತದೆ.

ಸುಮಾರು ಆರು ವರ್ಷಗಳ ವಾಸದ ತರುವಾಯ ಗೋಬರ್ ಗುಹರು ಸ್ವದೇಶಕ್ಕೆ ಮರಳಿದರು. 1929ರಲ್ಲಿ ಕಲ್ಕತ್ತೆಯ ಪಾರ್ಕ್ ಸರ್ಕಸ್ಸಿನಲ್ಲಿ ಛೋಟಾ ಗಾಮಾನೊಡನೆ ಅವರ ಪಂದ್ಯವಾಗಿ, ತೀರ್ಪು ಎದುರಾಳಿಯ ಕಡೆಗೆ ಹೋಯಿತು. ಆ ತೀರ್ಪಿನ ಬಗ್ಗೆ ಬಹಳ ಚರ್ಚೆ ನಡೆಯಿತು. ಮುಂದೆ ಅವರು ಗೋವಾಬಾಗಾನ್ ಬೀದಿಯ ತಮ್ಮ ಅಖಾಡದಲ್ಲಿ ಎಳೆಯರಿಗೆ ವಿದ್ಯೆ ಹೇಳುತ್ತ ಉಳಿದರು. ಕನ್ನಡದಲ್ಲಿಯೂ ಹಾಡಿದ ಗಾಯಕ ಮನ್ನಾ ಡೇಯವರು ಬಾಲ್ಯದಲ್ಲಿ ಅವರ ಬಳಿ ಕುಸ್ತಿ ಕಲಿತವರೇ. ವಿಜ್ಞಾನಿ ಸತ್ಯೇಂದ್ರನಾಥ ಬೋಸರು ಅವರ ಸ್ನೇಹಿತರು. ಗರಡಿಯೂ ಗ್ರಂಥವೂ ಒಂದೇ ಮನೆಯಲ್ಲಿ ಇರಬಲ್ಲವೆಂಬ ಅಜ್ಜನ ಸಂಕಲ್ಪವನ್ನು ಮೊಮ್ಮಗನು ನಿಜಮಾಡಿ ತೋರಿಸಿ, 1972ನೆಯ ಜನವರಿ 2ರಂದು ದೇಹವಿಟ್ಟರು.

ಇಷ್ಟನ್ನು ಓದಿ, ಹಣವೇ ಪಾಪವೆಂದು ಯಾರೂ ತೀರ್ಮಾನಿಸಬಾರದು. ಗೋಬರರೂ ಹಣಕ್ಕಾಗಿ ಹೋರಾಡಿದವರೇ. ಅವರ ಬೆನ್ನಿಗೆ ಮನೆತನದ ಆಸರೆಯಿತ್ತು, ಆದುದರಿಂದ ಹಿಂತಿರುಗಿ ಬಂದು ನೆಮ್ಮದಿಯಾಗಿ ಪಾಠ ಹೇಳಬಲ್ಲವರಾದರು. ಗಾಮಾರವರಿಗೆ ಅದಿರಲಿಲ್ಲ. ಸಾಕಿದ ಸಂಸ್ಥಾನಗಳು ಅಳಿದ ಮೇಲೆ, ಜೀವನದಲ್ಲಿ ಸೋಲನ್ನೇ ಕಾಣದ ಆ ಮಹಾಮಲ್ಲರು 1960ರಲ್ಲಿ ಲಾಹೋರಿನಲ್ಲಿ ಬಡತನದಲ್ಲಿಯೇ ಕಣ್ಣುಮುಚ್ಚಿದರು. ರಾಜನ ಕೈ ಬಿಟ್ಟ ಜಟ್ಟಿಯನ್ನು ಜನರೇ ಹಿಡಿಯಬೇಕು. ಟಿಕೇಟು ಅವನ ಅನ್ನ. ಪ್ರಶ್ನೆಯಿರುವುದು ಟಿಕೇಟು ಕೊಂಡವನು ನೋಡುವ ಹಕ್ಕನ್ನು ಕೊಂಡನೋ, ಇಲ್ಲ ಫಲಿತಾಂಶವನ್ನೂ ಕೊಂಡನೋ ಎಂಬುದರಲ್ಲಿ.

ಮುಂದಿನ ಕಾಲದಲ್ಲಿ ನಮ್ಮ ದೇಶದಲ್ಲಿಯೂ ದಾರಾ ಸಿಂಗರ ಪಂದ್ಯಗಳಿಗೆ ಜನಸಾಗರ ಹರಿಯಿತು. 1959ರಲ್ಲಿ ಅವರು ಕಾಮನ್‌ವೆಲ್ತ್ ಬಿರುದು ಗೆದ್ದುದು ಈ ಕಲ್ಕತ್ತೆಯಲ್ಲಿಯೇ. ಅಮೆರಿಕೆಯ ದೊಡ್ಡ ಕುಸ್ತಿ ಕಂಪೆನಿಯೊಂದು 1989ರಲ್ಲಿ ನ್ಯೂಜೆರ್ಸಿಯ ಶಾಸನಸಭೆಯ ಮುಂದೆ, ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ತಾನಾಗಿಯೇ ಒಪ್ಪಿಕೊಂಡಿತು. ಮುಷ್ಟಿಯುದ್ಧವು ಆ ಮಟ್ಟಕ್ಕೆ ಇಳಿದಿಲ್ಲವಾದರೂ ಅದೇ ಇಳಿಜಾರಿನಲ್ಲಿದೆ. 2024ನೆಯ ನವೆಂಬರ್ 15ರಂದು ಟೆಕ್ಸಾಸಿನಲ್ಲಿ, ಐವತ್ತೆಂಟು ವರ್ಷದ ಮೈಕ್ ಟೈಸನ್ನರನ್ನು ಯೂಟ್ಯೂಬ್‌ನ ಚಿತ್ರಗಳಿಂದ ಹೆಸರಾದ ಇಪ್ಪತ್ತೇಳರ ಜೇಕ್ ಪಾಲ್ ಎದುರಿಸಿದನು. ಮೂರು ನಿಮಿಷಗಳ ಸುತ್ತುಗಳನ್ನು ಎರಡಕ್ಕೆ ಇಳಿಸಲಾಯಿತು. ಕೋಟಿಗಟ್ಟಲೆ ಜನ ನೋಡಿದರು, ತೀರ್ಪಿನಲ್ಲಿ ಪಾಲ್ ಗೆದ್ದನು. ನಮ್ಮ ಹುಡುಗರಲ್ಲಿಯೂ ಎಷ್ಟೋ ಮಂದಿ ಮೊಬೈಲಿನಲ್ಲಿ ಅದನ್ನು ಕಂಡು, ನೋಡತಕ್ಕದ್ದೇನೂ ಇರಲಿಲ್ಲವೆಂದು ಪೇಚಾಡಿದರು. ಪಂದ್ಯ ಏರ್ಪಟ್ಟದ್ದು ಯಾರು ಸಮರ್ಥರೆಂದು ತಿಳಿಯಲಿಕ್ಕಲ್ಲ. ಯಾರಿಗೆ ಹೆಚ್ಚು ಅಭಿಮಾನಿಗಳಿದ್ದಾರೋ ಅವರನ್ನು ಜೋಡಿಸಲಾಯಿತು. ವೇಯ್ನ್ ಮನ್‌ನ ಕಥೆಯೇ ನೂರು ವರ್ಷಗಳ ಬಳಿಕ ಹೊಸ ವೇಷದಲ್ಲಿ ಬಂದಿತು.

ಹೋಟೆಲಿನ ಕಸುಬು ಬಲ್ಲ ನಮ್ಮವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಗಿರಾಕಿಯಿಲ್ಲದೆ ಅಡಿಗೆಮನೆ ನಡೆಯದು. ಆದರೆ ಗಿರಾಕಿಯ ನಾಲಿಗೆಯನ್ನೇ ಹಿಂಬಾಲಿಸಿ ದಿನಕ್ಕಷ್ಟು ಸೋಡವನ್ನೂ ಬಣ್ಣವನ್ನೂ ಸುರಿಯುತ್ತ ಹೋದರೆ, ಗಲ್ಲಾ ತುಂಬುತ್ತದೆ, ಸಾಂಬಾರಿನ ಕೈ ಮಾತ್ರ ಕೆಡುತ್ತದೆ. ಆಗ ಕೆಟ್ಟ ಅಡಿಗೆಯ ಪಾಲು ಗಿರಾಕಿಗೂ ಸಲ್ಲುತ್ತದೆ.

ದಿನವಿಡೀ ಒಲೆಯ ಮುಂದೆ ಬೆಂದವರು, ಲೆಡ್ಜರಿನ ಮೇಲೆ ಕಣ್ಣು ಸವೆಸಿದವರು, ಸಂಜೆಯ ಹೊತ್ತು ಒಂದು ಪಂದ್ಯ ನೋಡಿ ಉಲ್ಲಾಸಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕಷ್ಟಾರ್ಜಿತವನ್ನು ತೆರುವ ಮುನ್ನ, ಈ ಮಲ್ಲನು ಯಾರನ್ನು ಗೆದ್ದು ಇಲ್ಲಿಗೆ ಬಂದನೆಂದು ಒಮ್ಮೆ ವಿಚಾರಿಸಿಕೊಳ್ಳುವುದು ಮೇಲು. ಅವನ ಗಳಿಕೆಯೆಷ್ಟು, ಹಿಂಬಾಲಕರೆಷ್ಟು ಎಂಬುದು ಅನಂತರದ ಮಾತು. ಪಂದ್ಯದ ಮೇಲೆ ಜೂಜು ಕಟ್ಟಿ ಊರಿಗೆ ಕಳುಹಿಸಬೇಕಾದ ಹಣವನ್ನು ಕಳೆದುಕೊಳ್ಳುವುದಂತೂ ಸರ್ವಥಾ ಸಲ್ಲದು. ರಜೆ ದೊರೆತ ಒಂದು ಬೆಳಿಗ್ಗೆ ಸೇತುವೆ ದಾಟಿ ಘಾಟಿಗೆ ಇಳಿದು ಆ ಮಣ್ಣಿನ ಅಖಾಡದ ಬಳಿ ಅರ್ಧ ಗಂಟೆ ನಿಂತು ನೋಡುವಂತೆ ನಾವು ವಾಚಕರನ್ನು ಕೋರುತ್ತೇವೆ. ಗೋಬರ್ ಗುಹರು ಸಾನ್ ಫ್ರಾನ್ಸಿಸ್ಕೋಗೆ ಒಯ್ದದ್ದು ಆ ವಿದ್ಯೆಯನ್ನೇ. ಅದನ್ನು ಬಲ್ಲ ಕಣ್ಣುಗಳು ಈ ಊರಿನಲ್ಲಿ ಕಡಿಮೆಯಾಗದಿರಲಿ.