ಗೆರೆಯಲ್ಲಿ ಅರಳಿದ ಹಸುರು: ಡಾ. ಬಿ.ಜಿ.ಎಲ್. ಸ್ವಾಮಿಯವರ ಜೀವನ ಮತ್ತು ಕೃತಿ

ಗ್ರಂಥವೊಂದು ಮೊದಲ ಸಲ ಅಚ್ಚಾಗುವುದು ಕರ್ತೃವಿನ ಉತ್ಸಾಹದಿಂದ. ಕರ್ತೃ ಗತಿಸಿದ ಮೇಲೆ ಅದು ಮತ್ತೆ ಮತ್ತೆ ಅಚ್ಚಾಗುವುದು ಓದುಗರ ಕೃತಜ್ಞತೆಯಿಂದ. ಮೊದಲನೆಯದು ಪ್ರಯತ್ನ, ಎರಡನೆಯದು ಋಣಸಂದಾಯ. ಹಾಸ್ಯವನ್ನು ಬರೆದವರ ಪುಸ್ತಕಗಳಿಗೆ ಈ ಎರಡನೆಯ ಭಾಗ್ಯ ಒದಗುವುದು ಅಪರೂಪ; ನಗೆ ಬಹುಬೇಗ ಹಳಸುವ ಪದಾರ್ಥ. ಮಾತಿನ ಜೊತೆಗೆ ಚಿತ್ರವನ್ನೂ ತಾವೇ ಬರೆದು, ಎರಡರಲ್ಲಿಯೂ ಓದುಗರನ್ನು ನಗಿಸಿ, ನಗಿಸುತ್ತಲೇ ಶಾಸ್ತ್ರವನ್ನು ಬೋಧಿಸಿದ ಡಾ. ಬಿ.ಜಿ.ಎಲ್. ಸ್ವಾಮಿಯವರ ಕೃತಿಗಳಿಗೆ ಆ ಭಾಗ್ಯ ದೊರೆತಿದೆ. ಅವರು ತೀರಿಕೊಂಡು ನಾಲ್ಕು ದಶಕಗಳು ಕಳೆದ ಮೇಲೂ ಅವರ ಪುಸ್ತಕಗಳು ಮರುಮುದ್ರಣಗೊಂಡು ಹೊಸ ತಲೆಮಾರಿನವರ ಕೈ ಸೇರುತ್ತಿವೆ.

ಸ್ವಾಮಿಯವರ ಮನೆತನಕ್ಕೆ ನಮ್ಮ ಸೀಮೆಯ ನಂಟು ಉಂಟು. ಮಾಲೂರು ಸೀಮೆ ಕನ್ನಡಕ್ಕೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಕೊಟ್ಟಂತೆ, ಮೂಡಲ ಬಾಗಿಲೆನಿಸಿದ ಮುಳಬಾಗಿಲು ಡಿ.ವಿ. ಗುಂಡಪ್ಪನವರನ್ನು ಕೊಟ್ಟಿತು. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ.ಜಿ.ಯವರು ಜೀವನೋಪಾಯವನ್ನು ಅರಸಿ ಬೆಂಗಳೂರಿಗೆ ಹೋಗಿ, ಪತ್ರಿಕಾವೃತ್ತಿಯನ್ನು ಹಿಡಿದು, ಬಡತನವನ್ನು ಗೌರವದಿಂದ ಹೊತ್ತು ಬಾಳಿದವರು. ಅವರ ಮಗನೇ ಲಕ್ಷ್ಮೀನಾರಾಯಣ ಸ್ವಾಮಿ. ಜನನ ಬೆಂಗಳೂರಿನಲ್ಲಿ, 1918ರ ಫೆಬ್ರವರಿ 5ರಂದು. ಹೆಸರಿನಲ್ಲಿ 'ಸ್ವಾಮಿ' ಎಂದಿರುವುದನ್ನು ಕಂಡು ಯಾರೂ ಅವರನ್ನು ಕಾಷಾಯಧಾರಿಗಳೆಂದು ಭಾವಿಸಬೇಕಾಗಿಲ್ಲ; ಅವರು ಗೃಹಸ್ಥರು, ಅಧ್ಯಾಪಕರು. ಆದರೆ ವಿದ್ಯೆಯ ವಿಷಯದಲ್ಲಿ ಅವರು ನಡೆಸಿದ್ದು ತಪಸ್ಸೇ ಸರಿ.

ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಹುಡುಗನಿಗೆ ತಂದೆಯ ಮನೆಯಲ್ಲಿ ಧನವಿರಲಿಲ್ಲ, ಪುಸ್ತಕಗಳಿದ್ದವು. ವೈಭವವಿರಲಿಲ್ಲ, ವಿದ್ವಾಂಸರ ಓಡಾಟವಿತ್ತು. ತಂದೆಯ ದಾರಿ ಸಾಹಿತ್ಯ ಮತ್ತು ರಾಜ್ಯಶಾಸ್ತ್ರದ್ದು. ಮಗನ ಮನಸ್ಸು ಗಿಡಮರಗಳತ್ತ ಹರಿಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಓದಿ ಮುಗಿಸಿದ ಬಳಿಕ, ಸಂಶೋಧನೆಗೆ ತಕ್ಕ ಹುದ್ದೆ ಬರಲೆಂದು ಸ್ವಾಮಿಯವರು ಕೈಕಟ್ಟಿ ಕೂಡಲಿಲ್ಲ. ಮನೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡರು. ಸೀತಾಳೆದಂಡೆಯ ಜಾತಿಗೆ ಸೇರಿದ ಆರ್ಕಿಡ್ ಸಸ್ಯಗಳಲ್ಲಿ ಭ್ರೂಣ ಬೆಳೆಯುವ ಕ್ರಮವನ್ನು ಕುರಿತು ಅವರು ನಡೆಸಿದ ಅಭ್ಯಾಸ ದೇಶವಿದೇಶಗಳ ಶಾಸ್ತ್ರಪತ್ರಿಕೆಗಳಲ್ಲಿ ಪ್ರಕಟವಾಯಿತು. ಸಲಕರಣೆ ಇಲ್ಲವೆಂಬುದು ಸಂಕಲ್ಪವಿಲ್ಲದವರ ನೆಪವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಈ ಪರಿಶ್ರಮವೇ ಅವರನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಒಯ್ದಿತು. ಅಲ್ಲಿ ಇರ್ವಿಂಗ್ ಬೈಲಿ ಎಂಬ ಹಿರಿಯ ವಿಜ್ಞಾನಿಯ ಸಂಗಡ ಅವರು ಹೂಬಿಡುವ ಸಸ್ಯಗಳ ಮೂಲವನ್ನು ವಿಚಾರಿಸಿದರು. ಅಂಡಕಗಳನ್ನು ಒಡಲಲ್ಲಿಟ್ಟು ಕಾಪಾಡುವ ಹೂವಿನ ಸ್ತ್ರೀಭಾಗ ಮೊದಲಿಗೆ ಹೇಗೆ ಉಂಟಾಯಿತು ಎಂಬುದು ಪ್ರಶ್ನೆ. ಫಿಜಿ ದ್ವೀಪದ ಡಿಜನೇರಿಯ ಮೊದಲಾದ ಪ್ರಾಚೀನ ಲಕ್ಷಣಗಳುಳ್ಳ ಮರಗಳ ಹೂಗಳನ್ನು ಪರೀಕ್ಷಿಸಿ, ಆ ಭಾಗವು ನಡುನರದ ಉದ್ದಕ್ಕೂ ಮಡಿಸಿಕೊಂಡ ಎಲೆಯಂತಿದೆಯೆಂಬ ವಿಚಾರವನ್ನು ಗುರುಶಿಷ್ಯರಿಬ್ಬರೂ 1951ರಲ್ಲಿ ಪ್ರಕಟಿಸಿದರು. ಸಸ್ಯಶಾಸ್ತ್ರದ ಗ್ರಂಥಗಳಲ್ಲಿ ಆ ಲೇಖನದ ಉಲ್ಲೇಖ ಇಂದಿಗೂ ಬರುತ್ತದೆ. ಹೊಸದಾಗಿ ಗುರುತಿಸಿದ ಒಂದು ಸಸ್ಯಕ್ಕೆ ಸ್ವಾಮಿಯವರು ಬೈಲಿಯವರ ಹೆಸರನ್ನೂ, ಇನ್ನೊಂದಕ್ಕೆ ಭಾರತದ ಸಸ್ಯಭ್ರೂಣಶಾಸ್ತ್ರದ ಹಿರಿಯರಾದ ಪಂಚಾನನ ಮಾಹೇಶ್ವರಿಯವರ ಹೆಸರನ್ನೂ ಇರಿಸಿದರು. ವಿಜ್ಞಾನಿಯು ಗುರುದಕ್ಷಿಣೆಯನ್ನು ಸಲ್ಲಿಸುವ ರೀತಿ ಇದು.

ಅವರ ಚಿತ್ರಕಲೆಯ ಮೂಲವನ್ನೂ ಇಲ್ಲಿಯೇ ಹುಡುಕಬೇಕು. ಸಸ್ಯದ ಒಳರಚನೆಯನ್ನು ಅಭ್ಯಸಿಸುವವನು ಎಸಳನ್ನೋ ಮೊಗ್ಗನ್ನೋ ಮೇಣದಲ್ಲಿ ಹುದುಗಿಸಿ, ತೀರ ತೆಳುವಾದ ಪದರಗಳಾಗಿ ಕತ್ತರಿಸಿ, ಬಣ್ಣ ಹಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡದ್ದನ್ನು ಕೈಯಿಂದ ಬರೆಯಬೇಕು. ಅಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ಇಲ್ಲದ ಗೆರೆಯನ್ನು ಎಳೆದರೆ ಅದು ಸುಳ್ಳು, ಇದ್ದ ಗೆರೆಯನ್ನು ಬಿಟ್ಟರೆ ಅದು ಅಜ್ಞಾನ. ವರ್ಷಾನುಗಟ್ಟಳೆ ಈ ಶಿಸ್ತಿನಲ್ಲಿ ಪಳಗಿದ ಕಣ್ಣು, ಕೈ ಮುಂದೆ ಮನುಷ್ಯರತ್ತ ತಿರುಗಿದಾಗ ಅದರಿಂದ ಹಾಸ್ಯ ಹುಟ್ಟಿತು. ಮನುಷ್ಯನ ಬಿಗುಮಾನ, ಬೂಟಾಟಿಕೆ, ಅವಸರ, ಪೇಚಾಟಗಳನ್ನು ಅವರು ಎಲೆಯ ನರಗಳನ್ನು ಕಂಡಷ್ಟೇ ಸ್ಪಷ್ಟವಾಗಿ ಕಂಡರು. ಸ್ವಾಮಿಯವರ ನಗೆ ಉತ್ಪ್ರೇಕ್ಷೆಯಿಂದ ಬಂದುದಕ್ಕಿಂತ ನಿಖರವಾದ ನೋಟದಿಂದ ಬಂದದ್ದೇ ಹೆಚ್ಚು.

1953ರಲ್ಲಿ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಮುಂದೆ ಅಲ್ಲಿಯೇ ಪ್ರಾಂಶುಪಾಲರೂ ಆದರು. ಪಾಠವನ್ನು ನಾಲ್ಕು ಗೋಡೆಗಳ ಒಳಗೆ ಮುಗಿಸುವ ಪದ್ಧತಿ ಅವರಿಗೆ ಒಗ್ಗಲಿಲ್ಲ. ವಿದ್ಯಾರ್ಥಿಗಳನ್ನು ಕೂಡಿಕೊಂಡು ದಕ್ಷಿಣದ ಕಾಡುಗಳಲ್ಲಿ, ಪಶ್ಚಿಮಘಟ್ಟಗಳಲ್ಲಿ ಅಲೆದರು. ಜಿಗಣೆ, ಮಳೆ, ಹಸಿವು, ಹಾದಿ ತಪ್ಪುವಿಕೆ ಇವೆಲ್ಲ ಆ ಪಾಠದ ಅಂಗಗಳು. ಈ ಅನುಭವದ ಫಲವೇ 1976ರಲ್ಲಿ ಪ್ರಕಟವಾದ 'ಹಸುರು ಹೊನ್ನು'. ಅದರಲ್ಲಿ ಪ್ರವಾಸಕಥನವೂ ಉಂಟು, ಸಸ್ಯಶಾಸ್ತ್ರವೂ ಉಂಟು, ಸಾಹಿತ್ಯದ ಪರಿಮಳವೂ ಉಂಟು, ತುಂಟತನವೂ ಉಂಟು. ಇವುಗಳ ನಡುವೆ ಅವರ ಕೈಯಿಂದಲೇ ಮೂಡಿದ ರೇಖಾಚಿತ್ರಗಳು. ಗಿಡದ ಲಕ್ಷಣವನ್ನು ಗದ್ಯ ವಿವರಿಸುತ್ತದೆ; ಚಿತ್ರ ಅದನ್ನು ಕಣ್ಣೆದುರಿಗೆ ನಿಲ್ಲಿಸುತ್ತದೆ. ಈ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಶಾಸ್ತ್ರವೂ ಸಾಹಿತ್ಯವಾಗಬಲ್ಲುದೆಂಬುದಕ್ಕೆ ಅದು ಮುದ್ರೆಯೊತ್ತಿತು.

ತಂದೆಯವರು ತಾವು ಕಂಡ ಮಹನೀಯರನ್ನೂ ಸಾಮಾನ್ಯರನ್ನೂ ಮಾತಿನಲ್ಲಿ ಚಿತ್ರಿಸಿ, ಆ ಸಂಪುಟಗಳಿಗೆ 'ಜ್ಞಾಪಕ ಚಿತ್ರಶಾಲೆ' ಎಂದು ಹೆಸರಿಟ್ಟರು. ಮಗನು ಮಾತಿನೊಡನೆ ಗೆರೆಯನ್ನೂ ಸೇರಿಸಿ ಮತ್ತೊಂದು ಚಿತ್ರಶಾಲೆಯನ್ನು ತೆರೆದರು. ತಂದೆಯವರದು ಗಾಂಭೀರ್ಯದ ದಾರಿ, ಮಗನದು ವಿನೋದದ ದಾರಿ. ಎರಡೂ ಸತ್ಯನಿಷ್ಠೆಯೆಂಬ ಒಂದೇ ಮನೆಯಿಂದ ಹೊರಟವು. 1975ರಲ್ಲಿ ಡಿ.ವಿ.ಜಿ.ಯವರು ಕಾಲವಾದರು. ಮರುವರ್ಷವೇ ಮಗನ ಮೇರುಕೃತಿ ಹೊರಬಂದಿತು.

ಸ್ವಾಮಿಯವರು ಬರೆದದ್ದನ್ನು ನಮ್ಮ ಜಿಲ್ಲೆಯ ನೆಲದಲ್ಲಿ ನಿಂತು ಓದಿದರೆ ಅದರ ಬೆಲೆ ಇಮ್ಮಡಿಯಾಗಿ ತೋರುತ್ತದೆ. 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬ ಪುಸ್ತಕದ ಹೆಸರೇ ಒಂದು ಹಾಸ್ಯ. ಅದರ ಒಳಗಿರುವುದು ಇತಿಹಾಸ. ಕೋಲಾರದ ಮಾರುಕಟ್ಟೆಯಲ್ಲಿ ರಾಶಿಬೀಳುವ ಟೊಮ್ಯಾಟೊ, ಮಾಲೂರು ಕಡೆಯ ಆಲೂಗೆಡ್ಡೆ, ಮಳೆಯನ್ನೇ ನೆಚ್ಚಿದ ಹೊಲಗಳ ಕಡಲೆಕಾಯಿ, ಮುಳಬಾಗಿಲು ದೋಸೆಗೆ ರುಚಿ ಕೊಡುವ ಮೆಣಸಿನಕಾಯಿ ಇವೆಲ್ಲವೂ ಅಮೆರಿಕ ಖಂಡದಿಂದ ಕಡಲು ದಾಟಿ ಬಂದು ನಮ್ಮವಾದವು. ಶ್ರೀನಿವಾಸಪುರದ ಮಾವು ಮಾತ್ರ ಈ ನಾಡಿನದೇ ಸಂತಾನ. ನಮ್ಮದೆಂದು ಹೆಮ್ಮೆಪಡುವ ಅಡುಗೆಯ ಬೇರು ಎಲ್ಲೆಲ್ಲಿ ಹರಡಿದೆಯೆಂಬುದನ್ನು ಅರಿತವನಿಗೆ ಒಣಜಂಬ ಉಳಿಯದು.

ಹಾಗೆಯೇ 'ಶಾಸನಗಳಲ್ಲಿ ಗಿಡಮರಗಳು'. ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವಾಗ ಹುಣಿಸೆ, ಆಲ ಮೊದಲಾದ ಮರಗಳನ್ನು ಗುರುತಾಗಿ ಹೆಸರಿಸುವ ವಾಡಿಕೆಯುಂಟು. ರಾಜನ ಬಿರುದನ್ನೂ ದಾನದ ಮಿತಿಯನ್ನೂ ಓದಿ ಮುಂದೆ ಸಾಗುವ ಇತಿಹಾಸಕಾರರು ಆ ಮರಗಳ ಬಳಿ ನಿಲ್ಲುವುದಿಲ್ಲ. ಸ್ವಾಮಿಯವರು ನಿಂತರು. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲಿ 'ಎಪಿಗ್ರಾಫಿಯ ಕರ್ಣಾಟಿಕ'ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರಷ್ಟೆ. ಸ್ವಾಮಿಯವರ ದೃಷ್ಟಿಯನ್ನು ಎರವು ಪಡೆದು ಆ ಸಂಪುಟವನ್ನು ತೆರೆಯುವ ವಿದ್ಯಾರ್ಥಿಗೆ ಕಲ್ಲಿನೊಳಗೂ ಹಸುರು ಕಾಣುತ್ತದೆ.

ಅಧ್ಯಾಪಕರಾದವರು ಅವರ 'ಕಾಲೇಜು ರಂಗ'ವನ್ನು ನಗುತ್ತ ಓದಲು ತೊಡಗಿ ಚಿಂತಿಸುತ್ತ ಮುಗಿಸುತ್ತಾರೆ. ವಿದ್ಯಾಸಂಸ್ಥೆಗಳ ಒಳಗಿನ ಸ್ವಾರ್ಥ, ಪಕ್ಷಪಾತ, ಅಲ್ಪತನಗಳನ್ನು ವಿಡಂಬಿಸಿದ ಆ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1976ರಲ್ಲಿ ಚಲನಚಿತ್ರವಾಗಿಸಿದರು. ವಿದ್ಯೆಯನ್ನು ದೇವರೆಂದು ಬಗೆದವರಿಗೆ ಮಾತ್ರ ಅದರ ಗುಡಿಯಲ್ಲಿ ಕಸ ಕಂಡಾಗ ಅಷ್ಟು ನೋವಾಗಲು ಸಾಧ್ಯ. ಆ ನೋವನ್ನು ಬೈಗುಳಾಗಿಸದೆ ನಗೆಯಾಗಿಸಿದ್ದು ಅವರ ಸಂಸ್ಕಾರ.

ಮದರಾಸಿನ ಸೇವೆಯಿಂದ ನಿವೃತ್ತರಾದ ಬಳಿಕ ಅವರು ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ನೆಲೆಸಿದರು. ಕನ್ನಡದ ಬರವಣಿಗೆ ಆ ವರ್ಷಗಳಲ್ಲಿ ಹೊಳೆಯಂತೆ ಹರಿಯಿತು. 1980ರ ನವೆಂಬರ್ 2ರಂದು, ಅರುವತ್ತೆರಡರ ಪ್ರಾಯದಲ್ಲಿ, ಆ ಹೊಳೆ ತಟ್ಟನೆ ನಿಂತಿತು. ಕೆಲವು ಕೃತಿಗಳು ಅವರು ಕಣ್ಮರೆಯಾದ ಮೇಲೆ ಬೆಳಕು ಕಂಡವು.

ಅಂಥವರ ಕೃತಿಗಳ ಮರುಮುದ್ರಣ ಬರಿಯ ವ್ಯಾಪಾರದ ಮಾತಲ್ಲ, ಅದಕ್ಕೊಂದು ಧರ್ಮವಿದೆ. ಪದ್ಯವನ್ನು ಮರಳಿ ಅಚ್ಚು ಮಾಡುವಾಗ ಒಂದು ಪಾದವನ್ನು ಕೈಬಿಟ್ಟರೆ ಪಂಡಿತರು ಸುಮ್ಮನಿರುವುದಿಲ್ಲ. ಚಿತ್ರವನ್ನು ಕೈಬಿಟ್ಟರೆ, ಅಥವಾ ಸವೆದ ಪ್ರತಿಯಿಂದ ಎತ್ತಿಕೊಂಡು ಗೆರೆಗಳು ಮಸಿಯ ಮುದ್ದೆಯಾಗುವಂತೆ ಅಚ್ಚು ಮಾಡಿದರೆ, ಅದು ಸಣ್ಣ ಲೋಪವೆಂದು ಸುಮ್ಮನಿರುವುದುಂಟು. ಸ್ವಾಮಿಯವರಂಥ ಲೇಖಕರ ವಿಷಯದಲ್ಲಿ ಅದು ಸಣ್ಣ ಲೋಪವಲ್ಲ. ಅವರ ಪುಸ್ತಕದಲ್ಲಿ ಚಿತ್ರವು ಮಾತಿಗೆ ತೊಡಿಸಿದ ಒಡವೆಯಲ್ಲ, ಮಾತಿನ ಅರ್ಧಾಂಗ. ಎಲೆಯ ಅಂಚು ಗರಗಸದಂತಿದೆಯೋ ನುಣುಪಾಗಿದೆಯೋ ಎಂಬುದು ಚಿತ್ರದಲ್ಲಿ ಅಳಿಸಿಹೋದರೆ, ಆ ಗಿಡವನ್ನು ಗುರುತಿಸಬೇಕಾದ ಹುಡುಗನ ಕಣ್ಣನ್ನೇ ಕಟ್ಟಿದಂತೆ. ಕಾಡು ಕರಗಿ, ಗಿಡಗಳ ದೇಸೀ ಹೆಸರುಗಳು ನಾಲಗೆಯಿಂದ ಜಾರುತ್ತಿರುವ ಈ ಕಾಲದಲ್ಲಿ ಆ ನಷ್ಟವನ್ನು ತುಂಬಿಕೊಡುವವರು ಯಾರು?

ಆದಕಾರಣ ಶಾಲೆಯ ಪುಸ್ತಕಭಂಡಾರಕ್ಕೆ ನೆರವಾಗುವ ದಾನಿಗಳು ಹೊಸ ಮುದ್ರಣಗಳನ್ನು ಕೊಡಿಸುವಾಗ ಚಿತ್ರಗಳು ಪೂರ್ಣವಾಗಿವೆಯೇ, ಸ್ಪಷ್ಟವಾಗಿವೆಯೇ ಎಂದು ನೋಡಿ ಕೊಡಿಸುವುದು ಉಚಿತ. ಹಳೆಯ ಮುದ್ರಣದ ಪ್ರತಿಗಳಿದ್ದರೆ, ರಟ್ಟು ಹರಿದಿದೆಯೆಂದು ಅವುಗಳನ್ನು ತೂಕಕ್ಕೆ ಹಾಕದೆ ಹೊಸದಾಗಿ ಕಟ್ಟಿಸಿ ಕಾಪಾಡುವುದು ಇನ್ನೂ ಉಚಿತ. ಉಪಾಧ್ಯಾಯರು ಅಂಥ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು, ಮಕ್ಕಳನ್ನು ಶಾಲೆಯ ಬೇಲಿಯ ಬಳಿಗೆ ಕರೆದೊಯ್ದು, ಅಲ್ಲಿ ಬೆಳೆದ ಒಂದು ಗಿಡವನ್ನು ನೋಡಿಸಿ ಬರೆಯಿಸಿದರೆ, ಮುಳಬಾಗಿಲಿನ ಮನೆತನದ ಆ ವಿದ್ವಾಂಸರು ಕಲಿಸಿದ ಪಾಠ ಮುಂದುವರಿದಂತಾಗುತ್ತದೆ.