ಮನೆ ಬಾಗಿಲು ಮುಚ್ಚಿದವನಿಗೆ ಮನೆ: ಹೆರ್ಮನ್ ಮೊಗ್ಲಿಂಗ್

 

ಅಪೊಸ್ತಲರ ಕೃತ್ಯಗಳು ಒಂಬತ್ತನೇ ಅಧ್ಯಾಯ ತೆಗೆಯಿರಿ. ಸೌಲ ದಮಸ್ಕದ ದಾರಿಯಲ್ಲಿ ಕರ್ತನನ್ನು ಕಂಡ ಕಥೆ ನಮಗೆ ಸಂಡೇ ಸ್ಕೂಲಿನಿಂದಲೇ ಗೊತ್ತು. ಆಮೇಲೆ ಅವನು ಯೆರೂಸಲೇಮಿಗೆ ಬಂದಾಗ ಏನಾಯ್ತು ಅಂತ ಓದಿದ್ದೀರಾ? ಹಳೇ ಜೊತೆಗಾರರು ಅವನ ಜೀವ ತೆಗೆಯಲಿಕ್ಕೆ ನೋಡ್ತಾರೆ. ಶಿಷ್ಯರು ಅವನನ್ನು ನಂಬುವುದಿಲ್ಲ, ಹತ್ತಿರ ಸೇರಿಸುವುದಿಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಆಗ ಬಾರ್ನಬ ಎದ್ದು ಬಂದು ಅವನನ್ನು ಕರ್ಕೊಂಡು ಹೋಗ್ತಾನೆ. ಆ ದಿನ ಬಾರ್ನಬ ಮನೆಯಲ್ಲೇ ಕೂತಿದ್ದರೆ ಏನಾಗ್ತಿತ್ತು, ಯೋಚನೆ ಮಾಡಿ.

ಇದು ಎರಡು ಸಾವಿರ ವರ್ಷದ ಹಿಂದಿನ ಮಾತು, ನಮಗೆ ದೂರ ಅಂತ ಅನ್ನಿಸಬಹುದು. ಹಾಗಾದರೆ ಹತ್ತಿರದ್ದೇ ಹೇಳ್ತೇನೆ. ಬಿ.ಸಿ. ರೋಡಿನಿಂದಲೋ ಮೂಡುಬಿದಿರೆಯಿಂದಲೋ ಬಸ್ ಹತ್ತಿ ಮಂಗಳೂರಿಗೆ ಹೋಗ್ತೀರಲ್ಲ, ಅಲ್ಲಿನ ಬಲ್ಮಠ ಗುಡ್ಡೆಯಲ್ಲಿ ಬದುಕಿದ ಒಬ್ಬರ ವಿಷಯ.

ಹೆರ್ಮನ್ ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದಲ್ಲಿ. ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿದರು. ಊರಲ್ಲೇ ಪಾದ್ರಿಯಾಗಿ ಆರಾಮಾಗಿ ಇರಬಹುದಿತ್ತು. ಬಾಸೆಲ್ ಮಿಶನ್ ಸೇರಿ 1836ರ ಕೊನೆಗೆ ಮಂಗಳೂರಿಗೆ ಬಂದಿಳಿದರು. ಹೆಬಿಕ್ ಮತ್ತು ಇನ್ನಿಬ್ಬರು ಅವರಿಗಿಂತ ಎರಡು ವರ್ಷ ಮೊದಲೇ ಬಂದಿದ್ದರು.

ಮೊಗ್ಲಿಂಗ್ ಅಂದ ಕೂಡ್ಲೇ ಜನರಿಗೆ ನೆನಪಾಗುವುದು ಪತ್ರಿಕೆ. ಹೌದು, 1843ರ ಜುಲೈ 1ಕ್ಕೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದವರು ಇವರೇ. ಕಲ್ಲಚ್ಚಿನಲ್ಲಿ ಅಚ್ಚು ಹಾಕಿ ಹದಿನೈದು ದಿನಕ್ಕೊಮ್ಮೆ ಕೊಡ್ತಿದ್ದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಆ ಕೆಲಸಕ್ಕೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅನ್ಯರ ಗ್ರಂಥ ಯಾಕೆ ಅಚ್ಚು ಹಾಕಿದರು ಅಂತ ಕೇಳುವವರು ನಮ್ಮಲ್ಲೂ ಇದ್ದಾರೆ. ಪಕ್ಕದ ಮನೆಯವರ ಮಾತು ಗೊತ್ತಿಲ್ಲದೆ ಅವರ ಜೊತೆ ಮಾತಾಡುವುದು ಹೇಗೆ ಮಾರಾಯ್ರೇ? ಇರಲಿ, ನನಗೆ ಹೇಳಲಿಕ್ಕಿರುವುದು ಬೇರೆ.

ಪತ್ರಿಕೆ ಶುರುವಾಗಿ ಆರು ತಿಂಗಳಾಗಿತ್ತಷ್ಟೆ. 1844ರ ಜನವರಿಯಲ್ಲಿ ಮಿಶನ್ ಇಂಗ್ಲಿಷ್ ಶಾಲೆಯ ಮೂವರು ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ತೆಗೆದುಕೊಂಡರು. ಅವರಲ್ಲಿ ಒಬ್ಬ ಆನಂದರಾವ್ ಕೌಂಡಿನ್ಯ. ಹದಿನೆಂಟು ವರ್ಷ, ಅಂದರೆ ನಿಮ್ಮಲ್ಲಿ ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದವರ ಪ್ರಾಯ. ಊರಲ್ಲಿ ದೊಡ್ಡ ಗಲಾಟೆ ಆಯ್ತು. ಸಾರಸ್ವತ ಮನೆತನದ ಹುಡುಗ, ಜಾತಿ ಹೋಯ್ತು, ಮನೆ ಹೋಯ್ತು. ಆ ಕಾಲದಲ್ಲಿ ಜಾತಿ ಹೋಯ್ತು ಅಂದರೆ ಊಟಕ್ಕೆ ಕೂತುಕೊಳ್ಳುವ ಜಾಗವೇ ಹೋದ ಹಾಗೆ. ಹೆತ್ತವರ ಸಂಕಟವನ್ನೂ ಸಣ್ಣದು ಅಂತ ನಾನು ಹೇಳುವುದಿಲ್ಲ. ಮಗನನ್ನು ಕಳಕೊಂಡೆವು ಅಂತಲೇ ಅವರಿಗೆ ಅನ್ನಿಸಿರಬೇಕು.

ಮೊಗ್ಲಿಂಗ್ ಆ ಹುಡುಗನಿಗೆ ಸುವಾರ್ತೆ ಹೇಳಿ, ಸ್ನಾನ ಕೊಟ್ಟು, ಭಾನುವಾರ ಸಿಗೋಣ ಅಂತ ಕಳುಹಿಸಲಿಲ್ಲ. ಮಗನ ಹಾಗೆ ನೋಡಿಕೊಂಡರು. ಹೆರ್ಮನ್ ಅನ್ನುವ ಅವರ ಹೆಸರೇ ಆನಂದರಾವ್‌ಗೆ ಸೇರಿಕೊಂಡಿತು. 1846ರಲ್ಲಿ ಅವನನ್ನು ಯುರೋಪಿಗೆ ಕರ್ಕೊಂಡು ಹೋಗಿ ಬಾಸೆಲ್‌ನಲ್ಲಿ ಓದಿಗೆ ಸೇರಿಸಿದರು. ಐದು ವರ್ಷ ಓದಿ, ಅಭಿಷೇಕ ಹೊಂದಿ, 1851ರಲ್ಲಿ ಕೌಂಡಿನ್ಯರು ತಿರುಗಿ ಇದೇ ಮಣ್ಣಿಗೆ ಸೇವಕರಾಗಿ ಬಂದರು. ಒಬ್ಬ ಸೌಲ, ಒಬ್ಬ ಬಾರ್ನಬ. ಹೋಲಿಕೆ ನಾನು ಎಳೆದು ತಂದದ್ದಲ್ಲ, ಅಲ್ಲೇ ಕಾಣ್ತದೆ.

ಮಂಗಳೂರಿನಲ್ಲಿ ಮೊಗ್ಲಿಂಗ್ ಇದ್ದದ್ದೂ ಶಾಲೆಯ ಹುಡುಗರ ಮಧ್ಯೆ. ಮಿಶನರಿ ಇಲ್ಲಿಯ ಜನರಿಗೆ ಹತ್ತಿರವಾಗಿ, ಸರಳವಾಗಿ ಬದುಕಬೇಕು ಅನ್ನುವುದು ಅವರ ಹಟ. ಜೊತೆ ಸೇವಕರಲ್ಲಿ ಎಲ್ಲರೂ ಅದಕ್ಕೆ ಒಪ್ಪಲಿಲ್ಲ. ಸಭೆಯೊಳಗೆ ಭಿನ್ನಾಭಿಪ್ರಾಯ ಆಗಲೂ ಇತ್ತು, ಪೌಲ ಬಾರ್ನಬರ ನಡುವೆಯೇ ಇರಲಿಲ್ವಾ?

1852ರ ಕೊನೆಗೆ ಅವರು ಊರಿಗೆ ಹೊರಡಲಿಕ್ಕೆ ತಯಾರಾಗಿದ್ದರು. ಆಗ ಕೊಡಗಿನಿಂದ ಆಲ್ಮಂಡ ಸೋಮಯ್ಯ ಅನ್ನುವವರು ಹುಡುಕಿಕೊಂಡು ಬಂದರು. ಸತ್ಯ ಹುಡುಕಿ ಸನ್ಯಾಸಿಯಾಗಿ ತಿರುಗಿದ್ದ ಮನುಷ್ಯ. ಮೊಗ್ಲಿಂಗ್ ಪ್ರಯಾಣ ಬಿಟ್ಟು ಅವರ ಜೊತೆ ಘಟ್ಟ ಹತ್ತಿದರು. ಹಡಗಿಗೆ ಹೋಗಬೇಕಾದವರು ಒಬ್ಬ ಮನುಷ್ಯನಿಗೋಸ್ಕರ ಕೊಡಗಿಗೆ ಹೋದರು! ಅಲ್ಲಿ ಸೋಮಯ್ಯನವರಿಗೆ ಸ್ತೆಫನ ಅಂತ ಹೊಸ ಹೆಸರಾಯ್ತು.

ಆಮೇಲೆ ಕೊಡಗಿನಲ್ಲಿ ಭೂಮಿ ಇಲ್ಲದ, ಜೀತದಲ್ಲಿದ್ದ ಬಡವರು ಕರ್ತನ ಕಡೆ ಬಂದರು. ಅವರಿಗೆ ನಿಲ್ಲಲಿಕ್ಕೆ ಸ್ವಂತ ನೆಲ ಬೇಕಿತ್ತು. ಆಗ ಜಮೀನಿಗೆ ಸ್ವಂತ ಹಣ ಹಾಕಿದವರು ಯಾರು? ಅದೇ ಕೌಂಡಿನ್ಯರು. ಆ ಹಳ್ಳಿಗೆ ಆನಂದಪುರ ಅಂತಲೇ ಹೆಸರು ಬಂತು. ಬಾರ್ನಬ ಹೊಲ ಮಾರಿ ಹಣವನ್ನು ಅಪೊಸ್ತಲರ ಪಾದದ ಹತ್ತಿರ ಇಟ್ಟದ್ದು ನಾಲ್ಕನೇ ಅಧ್ಯಾಯದಲ್ಲಿ ಉಂಟು. ಒಂದು ಕಾಲದಲ್ಲಿ ಮನೆ ಸಿಕ್ಕಿದವನು ಈಗ ಇನ್ನೊಬ್ಬರಿಗೆ ಮನೆ ಕೊಟ್ಟ. ಅದೂ ಯಾರಿಗೆ? ಹಿಂದೆ ಅವನ ಅಂಗಳದೊಳಗೂ ಬರಬಾರದಿದ್ದವರಿಗೆ.

ಈ ಮಧ್ಯೆ ಮೊಗ್ಲಿಂಗರ ಜೊತೆ ಸೇವಕ ವೈಗ್ಲೆ ತೀರಿಕೊಂಡರು. ಅವರ ವಿಧವೆ ಪೌಲೀನಾ ಅವರನ್ನು ಮೊಗ್ಲಿಂಗ್ ಮದುವೆಯಾದರು. ಪೌಲೀನಾ ಅವರ ಆರೋಗ್ಯ ಕೆಟ್ಟಿತು, 1860ರಲ್ಲಿ ಇಬ್ಬರೂ ಜರ್ಮನಿಗೆ ಹೋದರು. ಮೊಗ್ಲಿಂಗ್ ಮತ್ತೆ ತಿರುಗಿ ಬರಲಿಲ್ಲ. 1881ರಲ್ಲಿ ಎಸ್ಲಿಂಗನ್‌ನಲ್ಲಿ ನಿದ್ರೆಹೋದರು.

ಮಿಶನಿನವರು ಸಭೆಯ ಜನರಿಗೆ ಕೆಲಸ ಕೊಡಲಿಕ್ಕೆ ಅಚ್ಚುಕೂಟ, ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ ಎಲ್ಲ ಮಾಡಿದರು. ಬಂಟ್ವಾಳ ಪೇಟೆಯ ಹಳೇ ಮನೆಗಳ ಮೇಲೆ ಕಾಣುವ ಕೆಂಪು ಹಂಚಿನ ಮೂಲ ಅದೇ. ಒಳ್ಳೇ ಕೆಲಸ. ಆದರೆ ಪಾದ್ರಿಯೇ ಧಣಿಯಾದಾಗ ಸಭೆ ಕಂಪೌಂಡಿನೊಳಗೆ ಉಳಿದುಬಿಡುವ ಅಪಾಯವೂ ಉಂಟು. ಕಾರ್ಖಾನೆಗೆ ಬಂಡವಾಳ ಬೇಕು, ಬಾರ್ನಬನಿಗೆ ಅದು ಬೇಕಾಗಿರಲಿಲ್ಲ.

ಅವರು ನಮ್ಮ ಹಾಗೆ ಅನ್ಯಭಾಷೆಯಲ್ಲಿ ಮಾತಾಡಿದವರಲ್ಲ, ನಮ್ಮ ಹಾಗೆ ಕೈತಟ್ಟಿ ಆರಾಧನೆ ಮಾಡಿದವರಲ್ಲ. ಪಂಚಾಶತ್ತಮದ ದಿನ ಆತ್ಮ ಇಳಿದು ಬಂದ ಮೇಲೆ ಎರಡನೇ ಅಧ್ಯಾಯದ ಕೊನೆಗೆ ಏನುಂಟು? ಮನೆಮನೆಯಲ್ಲಿ ಊಟ. ನಾವು ಆ ಅಧ್ಯಾಯದ ಮೊದಲ ಭಾಗವನ್ನು ಬಾಯಿಪಾಠ ಮಾಡಿದ್ದೇವೆ.

ಈಗ ಒಂದು ಕೆಲಸ ಕೊಡ್ತೇನೆ. ಮೂಡುಬಿದಿರೆಯಲ್ಲಿ ಹಾಸ್ಟೆಲ್ಲಿನಲ್ಲಿ ಇರುವವರು, ಬೆಳ್ತಂಗಡಿ ಕಡೆಯಿಂದ ಬಂದು ಪೀಜಿಯಲ್ಲಿ ಒಬ್ಬರೇ ಇರುವವರು, ವಿಶ್ವಾಸದ ನಿಮಿತ್ತ ಹಬ್ಬಕ್ಕೆ ಮನೆಗೆ ಹೋಗಲಾಗದವರು ನಮ್ಮ ನಡುವೆ ಇದ್ದಾರೆ. ಅವರ ಹೆಸರನ್ನು ಮೈಕಿನಲ್ಲಿ ಕರೆಯುವುದು ಬೇಡ. ಊಟಕ್ಕೆ ಕರೆಯಲಿಕ್ಕೆ ಮನೆ ಇರುವವರು ಪ್ರಾರ್ಥನೆ ಮುಗಿದ ಮೇಲೆ ಬಾಗಿಲ ಹತ್ತಿರ ನನ್ನನ್ನು ಕಾಣಿ. ಗಂಜಿ ಚಟ್ನಿ ಆದರೂ ಸಾಕು.