ಡಾ. ರಾಬರ್ಟ್ ಟೇಟ್ ಮೆಕೆಂಜಿ (1867–1938): ದೈಹಿಕ ಶಿಕ್ಷಣಕ್ಕೆ ವೈದ್ಯಶಾಸ್ತ್ರದ ನೆಲೆ ಒದಗಿಸಿದ ಪ್ರಾಧ್ಯಾಪಕ

ಕ್ರೀಡಾಪಟುವಿಗೆ ತರಬೇತಿ ನೀಡುವ ಮೊದಲು ಆತನ ದೇಹಸ್ಥಿತಿಯನ್ನು ವೈದ್ಯರು ಪರೀಕ್ಷಿಸುವುದು, ಶಕ್ತಿಗೆ ತಕ್ಕಷ್ಟೇ ವ್ಯಾಯಾಮವನ್ನು ನಿಗದಿಪಡಿಸುವುದು, ಗಾಯಗೊಂಡ ಅಂಗವನ್ನು ಹಂತಹಂತವಾಗಿ ಮತ್ತೆ ದುಡಿಮೆಗೆ ಸಿದ್ಧಗೊಳಿಸುವುದು ಇವೆಲ್ಲವೂ ಇಂದು ಸಾಮಾನ್ಯ ಕ್ರಮಗಳಾಗಿವೆ. ಸುಮಾರು ನೂರು ವರ್ಷಗಳ ಹಿಂದೆ ಈ ಕ್ರಮಗಳನ್ನು ವಿಶ್ವವಿದ್ಯಾನಿಲಯದ ಅಧ್ಯಯನ ವಿಷಯವಾಗಿ ರೂಪಿಸಿದವರಲ್ಲಿ ಕೆನಡಾ ದೇಶದ ಡಾ. ರಾಬರ್ಟ್ ಟೇಟ್ ಮೆಕೆಂಜಿ ಅವರು ಪ್ರಮುಖರು. ವೈದ್ಯ, ದೈಹಿಕ ಶಿಕ್ಷಣ ತಜ್ಞ ಹಾಗೂ ಶಿಲ್ಪಿಯಾಗಿ ಅವರು ಮೂರು ಕ್ಷೇತ್ರಗಳಲ್ಲಿಯೂ ಹೆಸರು ಗಳಿಸಿದ್ದಾರೆ.

ಜನನ ಮತ್ತು ಬಾಲ್ಯ

ಮೆಕೆಂಜಿಯವರು 1867ರ ಮೇ 26ರಂದು ಕೆನಡಾದ ಇಂದಿನ ಒಂಟಾರಿಯೊ ಪ್ರಾಂತ್ಯದ ಆಲ್ಮಾಂಟ್ ಪಟ್ಟಣದ ಸಮೀಪದಲ್ಲಿ ಜನಿಸಿದರು. ತಂದೆ ವಿಲಿಯಂ ಮೆಕೆಂಜಿ ಸ್ಕಾಟ್ಲೆಂಡಿನಿಂದ ವಲಸೆ ಬಂದ ಕ್ರೈಸ್ತ ಧರ್ಮಬೋಧಕರು. 1876ರಲ್ಲಿ ತಂದೆ ತೀರಿಕೊಂಡಾಗ ಬಾಲಕನಿಗೆ ಇನ್ನೂ ಒಂಬತ್ತು ವರ್ಷ. ಅದೇ ಪ್ರದೇಶದಲ್ಲಿ ಬೆಳೆದ ಜೇಮ್ಸ್ ನೈಸ್ಮಿತ್ ಅವರು ಮೆಕೆಂಜಿಯವರಿಗೆ ಬಾಲ್ಯದಿಂದಲೂ ಆಪ್ತರು. ಮುಂದೆ 1891ರಲ್ಲಿ ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದವರು ಇದೇ ನೈಸ್ಮಿತ್.

ವಿದ್ಯಾಭ್ಯಾಸ ಮತ್ತು ವೃತ್ತಿಜೀವನದ ಆರಂಭ

ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದ ಮೆಕೆಂಜಿಯವರು 1892ರಲ್ಲಿ ವೈದ್ಯಕೀಯ ಪದವಿ ಪಡೆದರು. ವಿದ್ಯಾರ್ಥಿ ದೆಸೆಯಲ್ಲಿಯೇ ಎತ್ತರ ಜಿಗಿತ ಮತ್ತು ಅಂಗಸಾಧನೆಯಲ್ಲಿ ಪರಿಣತಿ ಗಳಿಸಿದ್ದರು. ನೈಸ್ಮಿತ್ ಅವರು ಮೆಕ್‌ಗಿಲ್ ತೊರೆದ ನಂತರ ಅಲ್ಲಿನ ವ್ಯಾಯಾಮಶಾಲೆಯ ಬೋಧನೆಯ ಹೊಣೆ ಮೆಕೆಂಜಿಯವರ ಪಾಲಿಗೆ ಬಂದಿತು. ಪದವಿಯ ನಂತರ ಅವರು ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಾ, ದೈಹಿಕ ತರಬೇತಿಯ ವೈದ್ಯಕೀಯ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರು. ಕೆನಡಾದ ವಿಶ್ವವಿದ್ಯಾನಿಲಯಗಳಲ್ಲಿ ಇಂತಹ ಹುದ್ದೆಯನ್ನು ಹೊಂದಿದ ಮೊದಲಿಗರು ಅವರೇ.

ಆ ಕಾಲದಲ್ಲಿ ವ್ಯಾಯಾಮವೆಂದರೆ ಎಲ್ಲರಿಗೂ ಒಂದೇ ಬಗೆಯ ಕವಾಯತು ಎಂಬ ರೂಢಿಯಿತ್ತು. ಬಲಿಷ್ಠನಾದ ವಿದ್ಯಾರ್ಥಿಗೂ ಬೆನ್ನುಮೂಳೆ ಬಾಗಿದ ವಿದ್ಯಾರ್ಥಿಗೂ ಒಂದೇ ಪಾಠ. ಬೆನ್ನುಮೂಳೆಯ ವಕ್ರತೆಗೆ ವ್ಯಾಯಾಮದ ಮೂಲಕ ಚಿಕಿತ್ಸೆ ನೀಡುತ್ತಿದ್ದ ಮೆಕೆಂಜಿಯವರಿಗೆ ಈ ಪದ್ಧತಿಯ ಅಪಾಯ ಸ್ಪಷ್ಟವಾಗಿ ತಿಳಿದಿತ್ತು. ಔಷಧಿಯನ್ನು ಅಳತೆ ನೋಡಿ ಕೊಡುವಂತೆ ವ್ಯಾಯಾಮವನ್ನೂ ವ್ಯಕ್ತಿಯ ವಯಸ್ಸು, ಹೃದಯದ ಸ್ಥಿತಿ ಮತ್ತು ಸ್ನಾಯುಗಳ ಬಲವನ್ನು ಪರಿಶೀಲಿಸಿ ನೀಡಬೇಕೆಂಬುದು ಅವರ ದೃಢವಾದ ನಿಲುವಾಗಿತ್ತು.

ದಣಿವಿನ ಅಧ್ಯಯನ

ದೇಹದ ಚಲನೆಯನ್ನು ವಿದ್ಯಾರ್ಥಿಗಳಿಗೆ ಸರಿಯಾಗಿ ತೋರಿಸಿಕೊಡಬೇಕೆಂಬ ಉದ್ದೇಶವೇ ಅವರನ್ನು ಶಿಲ್ಪಕಲೆಯತ್ತ ಕರೆದೊಯ್ದಿತು. ತೀವ್ರ ಪ್ರಯತ್ನ, ಏದುಸಿರು, ದಣಿವು ಮತ್ತು ಸಂಪೂರ್ಣ ಬಳಲಿಕೆ ಎಂಬ ನಾಲ್ಕು ಹಂತಗಳಲ್ಲಿ ಓಟಗಾರನ ಮುಖಭಾವ ಹೇಗೆ ಬದಲಾಗುತ್ತದೆ ಎಂಬುದನ್ನು ಅವರು ಗಮನಿಸಿ ನಾಲ್ಕು ಮುಖವಾಡಗಳನ್ನು ರಚಿಸಿದರು. ಯಾವ ಸ್ನಾಯು ಬಿಗಿಯುತ್ತದೆ, ಯಾವುದು ಸಡಿಲಗೊಳ್ಳುತ್ತದೆ ಎಂಬ ವಿವರಗಳನ್ನು 1905ರಲ್ಲಿ ಅಂಗರಚನಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ದೇಹವು ತನ್ನ ಮಿತಿಯನ್ನು ತಲುಪುತ್ತಿರುವ ಸೂಚನೆ ಮುಖದಲ್ಲಿಯೇ ಮೂಡುತ್ತದೆ ಎಂಬ ಈ ತಿಳಿವಳಿಕೆ ತರಬೇತುದಾರರಿಗೆ ಇಂದಿಗೂ ಉಪಯುಕ್ತ. 1902ರಲ್ಲಿ ರಚಿಸಿದ ಓಟಗಾರನ ಶಿಲ್ಪವೂ ಹಲವು ಓಟಗಾರರ ದೇಹದ ಅಳತೆಗಳ ಸರಾಸರಿಯನ್ನು ಆಧರಿಸಿದೆ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಸೇವೆ

1904ರಲ್ಲಿ ಮೆಕೆಂಜಿಯವರು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ದೈಹಿಕ ಶಿಕ್ಷಣ ವಿಭಾಗದ ನಿರ್ದೇಶಕರಾಗಿ ನೇಮಕಗೊಂಡರು. ಅದು ಅಮೆರಿಕದ ಕಾಲೇಜು ಕ್ರೀಡೆಗಳ ಸಂಕಷ್ಟದ ಕಾಲ. ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ವಿದ್ಯಾರ್ಥಿಗಳು ತೀವ್ರವಾಗಿ ಗಾಯಗೊಳ್ಳುವುದು, ಮೃತಪಡುವುದು ಮರುಕಳಿಸುತ್ತಿತ್ತು. 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಪ್ರಮುಖ ವಿಶ್ವವಿದ್ಯಾನಿಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಚರ್ಚಿಸಿದರು. 1906ರಲ್ಲಿ ಆಟದ ನಿಯಮಗಳು ಬದಲಾದವು.

ನಿಯಮಗಳ ಬದಲಾವಣೆಯ ಜೊತೆಗೆ ಆಟಗಾರನ ದೇಹದ ಸಿದ್ಧತೆಯೂ ಅಗತ್ಯವೆಂಬುದಕ್ಕೆ ಮೆಕೆಂಜಿಯವರ ವಿಭಾಗ ಮಾದರಿಯಾಯಿತು. ವಿದ್ಯಾರ್ಥಿಗಳ ವೈದ್ಯಕೀಯ ತಪಾಸಣೆಯನ್ನು ಅಲ್ಲಿ ಕ್ರಮಬದ್ಧಗೊಳಿಸಲಾಯಿತು. ತಂಡಕ್ಕೆ ಆಯ್ಕೆಯಾದ ಕೆಲವರಿಗೆ ಮಾತ್ರವಲ್ಲದೆ ಎಲ್ಲಾ ವಿದ್ಯಾರ್ಥಿಗಳಿಗೂ ದೈಹಿಕ ಶಿಕ್ಷಣವನ್ನು ವ್ಯಾಸಂಗದ ಭಾಗವಾಗಿಸಲಾಯಿತು. ದುರ್ಬಲರಿಗೆ ಪ್ರತ್ಯೇಕ ವ್ಯಾಯಾಮಗಳನ್ನು ಸೂಚಿಸಲಾಗುತ್ತಿತ್ತು. ಈ ಅನುಭವದ ಸಾರವಾಗಿ 1909ರಲ್ಲಿ ಪ್ರಕಟವಾದ ಅವರ ‘ಎಕ್ಸರ್ಸೈಸ್ ಇನ್ ಎಜುಕೇಷನ್ ಅಂಡ್ ಮೆಡಿಸಿನ್’ ಎಂಬ ಗ್ರಂಥವು ಶಿಕ್ಷಣದಲ್ಲಿ ಹಾಗೂ ಚಿಕಿತ್ಸೆಯಲ್ಲಿ ವ್ಯಾಯಾಮದ ಸ್ಥಾನವನ್ನು ವಿವರಿಸುವ ಪಠ್ಯವಾಗಿ ಮನ್ನಣೆ ಪಡೆದು ಮರುಮುದ್ರಣಗಳನ್ನು ಕಂಡಿತು.

ಮಹಾಯುದ್ಧ ಮತ್ತು ಗಾಯಾಳುಗಳ ಪುನಶ್ಚೇತನ

ಮೊದಲನೆಯ ಮಹಾಯುದ್ಧದ ಸಮಯದಲ್ಲಿ, 1915ರಲ್ಲಿ, ಮೆಕೆಂಜಿಯವರು ಬ್ರಿಟನ್ನಿನ ಸೇನಾ ವೈದ್ಯಕೀಯ ದಳವನ್ನು ಸೇರಿದರು. ಆಸ್ಪತ್ರೆಯಲ್ಲಿ ಗಾಯ ಮಾಗಿದ ಸಾವಿರಾರು ಸೈನಿಕರು ಕೈಕಾಲುಗಳ ಕೀಲು ಬಿಗಿದು, ಸ್ನಾಯುಗಳು ಸೊರಗಿ, ಯುದ್ಧಕ್ಕೂ ಬದುಕಿಗೂ ಸಲ್ಲದವರಾಗಿ ಉಳಿದಿದ್ದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಹೀಟನ್ ಪಾರ್ಕ್ ಶಿಬಿರದಲ್ಲಿ ಇಂತಹವರಿಗಾಗಿ ಅವರು ಕ್ರಮಬದ್ಧ ಚಿಕಿತ್ಸೆಯನ್ನು ಜಾರಿಗೆ ತಂದರು.

ಬಿಸಿನೀರಿನ ಸ್ನಾನ, ಅಂಗಮರ್ದನ ಮತ್ತು ವಿದ್ಯುತ್ ಚಿಕಿತ್ಸೆಯಿಂದ ಆರಂಭಿಸಿ, ಬಳಿಕ ಚಿಕಿತ್ಸಕರ ನೆರವಿನಿಂದ ಕೀಲುಗಳನ್ನು ಆಡಿಸಲಾಗುತ್ತಿತ್ತು. ಅನಂತರ ರೋಗಿಯೇ ತನ್ನ ಪ್ರಯತ್ನದಿಂದ ಸರಳ ಸಾಧನಗಳ ಸಹಾಯ ಪಡೆದು ಬೆರಳು, ಮಣಿಕಟ್ಟು, ಮೊಣಕಾಲುಗಳಿಗೆ ವ್ಯಾಯಾಮ ನೀಡಬೇಕಿತ್ತು. ಕೊನೆಯಲ್ಲಿ ಆಟ ಮತ್ತು ನಡಿಗೆ. ರೋಗಿಯ ಸ್ವಪ್ರಯತ್ನವಿಲ್ಲದೆ ಚೇತರಿಕೆ ಪೂರ್ಣಗೊಳ್ಳದು ಎಂಬುದು ಈ ಪದ್ಧತಿಯ ತಿರುಳು. 1918ರಲ್ಲಿ ಅವರು ಬರೆದ ‘ರಿಕ್ಲೇಮಿಂಗ್ ದ ಮೇಮ್ಡ್’ ಎಂಬ ಕೈಪಿಡಿ ಈ ಕ್ರಮವನ್ನು ವಿವರಿಸುತ್ತದೆ. ಕ್ರೀಡಾ ಗಾಯಗಳಿಗೆ ಇಂದು ನೀಡಲಾಗುವ ಪುನಶ್ಚೇತನ ಚಿಕಿತ್ಸೆಯೂ ಇದೇ ಬಗೆಯ ಹಂತಗಳಲ್ಲಿ ಸಾಗುತ್ತದೆ.

ಶಿಲ್ಪಕಲೆ ಮತ್ತು ಗೌರವಗಳು

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್ ಸಂದರ್ಭದಲ್ಲಿ ಮೂವರು ಓಟಗಾರರು ಅಡೆತಡೆ ಹಾರುತ್ತಿರುವ ‘ಜಾಯ್ ಆಫ್ ಎಫರ್ಟ್’ ಪದಕವನ್ನು ಅವರು ರಚಿಸಿದರು. ಅದರ ದೊಡ್ಡ ಪ್ರತಿಯನ್ನು ಅಲ್ಲಿನ ಕ್ರೀಡಾಂಗಣದ ಗೋಡೆಯಲ್ಲಿ ಅಳವಡಿಸಲಾಯಿತು. ಒಲಿಂಪಿಕ್ಸ್‌ನಲ್ಲಿ ಕಲಾ ಸ್ಪರ್ಧೆಗಳೂ ನಡೆಯುತ್ತಿದ್ದ ದಿನಗಳಲ್ಲಿ, 1932ರ ಲಾಸ್ ಏಂಜಲೀಸ್ ಕ್ರೀಡಾಕೂಟದಲ್ಲಿ ಅವರ ‘ಶೀಲ್ಡ್ ಆಫ್ ದ ಅಥ್ಲೀಟ್ಸ್’ ಕೃತಿಗೆ ಕಂಚಿನ ಪದಕ ಲಭಿಸಿತು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 1922ರಲ್ಲಿ ಹಾಗೂ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1927ರಲ್ಲಿ ಅನಾವರಣಗೊಂಡ ಅವರ ಯುದ್ಧ ಸ್ಮಾರಕಗಳು ಪ್ರಸಿದ್ಧವಾಗಿವೆ. ಅಮೆರಿಕದ ದೈಹಿಕ ಶಿಕ್ಷಣ ಅಕಾಡೆಮಿಯ ಮೊದಲ ಅಧ್ಯಕ್ಷರಾಗಿಯೂ ಅವರು ಕಾರ್ಯನಿರ್ವಹಿಸಿದರು.

ಅಂತಿಮ ದಿನಗಳು

ಕೊನೆಯ ವರ್ಷಗಳಲ್ಲಿ ಮೆಕೆಂಜಿಯವರು ಹುಟ್ಟೂರಿನ ಸಮೀಪದ ಪಾಳುಬಿದ್ದ ಹಿಟ್ಟಿನ ಗಿರಣಿಯೊಂದನ್ನು ಕೊಂಡು ದುರಸ್ತಿಗೊಳಿಸಿ, ಬೇಸಿಗೆಯ ಮನೆ ಮತ್ತು ಶಿಲ್ಪಶಾಲೆಯನ್ನಾಗಿ ಮಾಡಿಕೊಂಡರು. ‘ಮಿಲ್ ಆಫ್ ಕಿನ್‌ಟೇಲ್’ ಎಂಬ ಹೆಸರಿನ ಆ ಕಟ್ಟಡ ಇಂದು ಅವರ ಸ್ಮಾರಕ ವಸ್ತುಸಂಗ್ರಹಾಲಯವಾಗಿದೆ. 1938ರ ಏಪ್ರಿಲ್ 28ರಂದು ಅವರು ಫಿಲಡೆಲ್ಫಿಯಾದಲ್ಲಿ ನಿಧನರಾದರು. ಅವರ ಹೃದಯವನ್ನು ಎಡಿನ್‌ಬರೋದಲ್ಲಿ ತಾವೇ ರೂಪಿಸಿದ್ದ ಸ್ಮಾರಕಕ್ಕೆ ಸಮೀಪದ ಸೇಂಟ್ ಕತ್‌ಬರ್ಟ್ ಚರ್ಚಿನ ಆವರಣದಲ್ಲಿ ಸಮಾಧಿ ಮಾಡಲಾಯಿತು.

ಗೆಲುವಿಗಾಗಿ ದೇಹವನ್ನು ಬಲಿಗೊಡುವುದು ಕ್ರೀಡೆಯಲ್ಲ, ದೇಹವನ್ನು ಅರಿತು ಅದರ ಶಕ್ತಿಯನ್ನು ಬೆಳೆಸುವುದೇ ನಿಜವಾದ ತರಬೇತಿ ಎಂಬ ತತ್ತ್ವವನ್ನು ಅವರು ಬೋಧನೆ, ಚಿಕಿತ್ಸೆ ಮತ್ತು ಕಲೆಗಳ ಮೂಲಕ ಪ್ರತಿಪಾದಿಸಿದರು. ಶಾಲಾ ಕಾಲೇಜುಗಳ ದೈಹಿಕ ಶಿಕ್ಷಕರಿಗೆ, ತರಬೇತುದಾರರಿಗೆ ಹಾಗೂ ಕ್ರೀಡಾಪಟುಗಳಿಗೆ ಅವರ ಜೀವನ ಮಾರ್ಗದರ್ಶಕವಾಗಿದೆ.